ಹೋಗುವಾಗ ಹೊಳೆ ಜೊತೆ, ಬರುವಾಗ ಗಾಳಿಗೆ ಎದುರು

ಕಳೆದ ಸಂಚಿಕೆಯಲ್ಲಿ ಬ್ರೇಕ್ ಬಗ್ಗೆ ಎರಡು ಪುಟ ಬರೆದಿದ್ದೆ. ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ: ಆಗಸ್ಟಿನಲ್ಲಿ ಮೈಸೂರಿನಿಂದ ಗಗನಚುಕ್ಕಿಗೆ ಸೈಕಲ್ ತುಳಿದೆ ಅಂತ. ಬ್ರೇಕ್ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೆಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ದಿನಕ್ಕೆ.

ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ. ಮಳವಳ್ಳಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದವರ ಮಗಳು. ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟು ನಿವೃತ್ತಳಾದವಳು. ವಯಸ್ಸು 61.

ಪ್ರಶ್ನೆ: ಮೇಡಂ, ನಾವು ಮೂವರು ಗೆಳೆಯರು. ವಿದೇಶದ ವಿಡಿಯೊಗಳಲ್ಲಿ ಕಣಿವೆಯ ಒಳಗೇ ಸೈಕಲ್ ದಾರಿ ಇರುತ್ತದೆ. ಎರಡೂ ಕಡೆ ಗೋಡೆ ಥರ ಬಂಡೆ, ಪಕ್ಕದಲ್ಲೇ ನದಿ. ಗಗನಚುಕ್ಕಿ ಕಣಿವೆಯಲ್ಲಿ ಹಾಗೆ ಹೋಗಬಹುದಾ? ಒಂದೇ ದಿನದಲ್ಲಿ ಹೋಗಿಬರಲು ಆಗುತ್ತಾ?
(ಕಾಲೇಜು ವಿದ್ಯಾರ್ಥಿ, ಮಂಡ್ಯ)

ಉತ್ತರ: ಕಣಿವೆಯೊಳಗೆ ಹೋಗಲು ಆಗಲ್ಲ ತಮ್ಮಾ. ಅಲ್ಲಿ ದಾರಿಯೇ ಇಲ್ಲ. ನಮ್ಮ ಕಣಿವೆಯನ್ನು ಅಂಚಿನಲ್ಲಿ ನಿಂತು ನೋಡಬೇಕು. ಹಾಗಂತ ಬೇಜಾರು ಮಾಡಿಕೊಳ್ಳಬೇಡ, ಇಲ್ಲಿನ ಮಜಾ ಬೇರೆ.

ಬೆಳಕವಾಡಿ ದಾಟಿದ ಮೇಲೂ ಎರಡೂ ಕಡೆ ಗದ್ದೆ, ಕಬ್ಬು, ತೆಂಗು. ಮಂಡ್ಯದ ಯಾವ ಊರಿನ ರಸ್ತೆ ಬೇಕಾದರೂ ಆಗಿರಬಹುದು. ಇನ್ನು ಸ್ವಲ್ಪ ಮುಂದೆ ನೆಲ ತೊಂಬತ್ತು ಮೀಟರ್ ಕೆಳಕ್ಕೆ ಕುಸಿದಿದೆ ಅನ್ನುವುದಕ್ಕೆ ಒಂದು ಗುರುತೂ ಸಿಗುವುದಿಲ್ಲ. ನೀರಿನ ಸದ್ದಿಗಿಂತ ಮೊದಲು ಜೋಳ ಸುಡುವ ಹೊಗೆ ಮೂಗಿಗೆ ಬರುತ್ತದೆ. ಆಮೇಲೆ ಕಾರುಗಳ ಸಾಲು. ಕಟಕಟೆ ಹತ್ತಿರ ಹೋಗಿ ನಿಂತಾಗಲೇ ಎದುರಿಗೆ ಬಂಡೆ ಗೋಡೆ, ಕೆಳಗೆ ಸೀಳಿದಂತಿರುವ ಕಣಿವೆ, ಅದರೊಳಗೆ ಬೀಳುವ ಕಾವೇರಿ. ಕಾರಿನಲ್ಲಿ ಹೋದರೆ ಇದು ಒಂದು ‘ಸ್ಪಾಟ್’ ಅಷ್ಟೇ. ಎಪ್ಪತ್ತು ಕಿಲೋಮೀಟರ್ ಸಪಾಟು ನೆಲದಲ್ಲಿ ತುಳಿದುಕೊಂಡು ಹೋದವರಿಗೆ ಮಾತ್ರ ಕಾಲಿಗೇ ಗೊತ್ತಾಗುತ್ತದೆ, ಈ ನೆಲ ಇಲ್ಲಿ ಮುರಿದಿದೆ ಅಂತ. ಕರಿ ಹಲಗೆ ಮೇಲೆ ನಾನು ಮೂವತ್ತು ವರ್ಷ ಬರೆದ ಚಿತ್ರ. ಅದು ನನಗೇ ಸರಿಯಾಗಿ ಅರ್ಥವಾಗಿದ್ದು ಆ ದಿನ.

ಚಿತ್ರ ಹೀಗಿದೆ. ಶಿವನಸಮುದ್ರದಲ್ಲಿ ಹೊಳೆ ಎರಡು ಸೀಳಾಗಿ ನಡುವೆ ಒಂದು ದ್ವೀಪ ಬಿಡುತ್ತದೆ. ಪಶ್ಚಿಮದ ಸೀಳು ಗಗನಚುಕ್ಕಿಯಲ್ಲಿ ಬೀಳುತ್ತದೆ, ಪೂರ್ವದ ಸೀಳು ಭರಚುಕ್ಕಿಯಲ್ಲಿ. ಭರಚುಕ್ಕಿ ಎತ್ತರ ಸುಮಾರು 69 ಮೀಟರ್. ಬಿದ್ದ ಮೇಲೆ ಎರಡೂ ಬೇರೆ ಬೇರೆ ಕಣಿವೆಯಲ್ಲಿ ಓಡಿ ದ್ವೀಪದ ಕೆಳಗೆ ಮತ್ತೆ ಸೇರುತ್ತವೆ. ಗಗನಚುಕ್ಕಿ ನೋಡುವ ಜಾಗ ನಮ್ಮ ಮಂಡ್ಯ ಜಿಲ್ಲೆಯಲ್ಲಿದೆ, ಭರಚುಕ್ಕಿ ಚಾಮರಾಜನಗರ ಜಿಲ್ಲೆಗೆ ಸೇರಿದ್ದು.

ಈಗ ಒಂದೇ ದಿನದ ಮಾತು. ಇಲ್ಲೇ ಎಲ್ಲರೂ ಎಡವುವುದು. ನಾನು ಬೆಳಿಗ್ಗೆ ಐದೂವರೆಗೆ ಮೈಸೂರು ಬಿಟ್ಟೆ. ತಿ. ನರಸೀಪುರ ಸುಮಾರು 30 ಕಿ.ಮೀ., ಅಲ್ಲಿ ತಿಂಡಿ. ಆಮೇಲೆ ಮುಡುಕುತೊರೆ ಬೆಟ್ಟ ನೋಡಿಕೊಂಡು ತಲಕಾಡು. ಅಲ್ಲಿ ವೈದ್ಯೇಶ್ವರನಿಗೆ ಕೈಮುಗಿದು ಹೊರಡಬೇಕಿತ್ತು. ಆಸೆಬಿದ್ದು ಸೈಕಲ್ ತಳ್ಳಿಕೊಂಡು ಮರಳಿನ ಕಡೆ ಹೋದೆ. ಅಲಮೇಲಮ್ಮನ ಶಾಪ ಯಾರ್ಯಾರಿಗೆ ತಟ್ಟಿತೋ ನನಗೆ ಗೊತ್ತಿಲ್ಲ, ನನ್ನ ಚೈನಿಗೆ ಮಾತ್ರ ಚೆನ್ನಾಗಿ ತಟ್ಟಿತು. ಬೆಳಕವಾಡಿವರೆಗೂ ಕರಕರ ಅನ್ನುತ್ತಲೇ ಇತ್ತು. ಒಟ್ಟು ಸುಮಾರು 75 ಕಿ.ಮೀ. ಹನ್ನೊಂದೂವರೆಗೆ ಜಲಪಾತದ ಮುಂದೆ ನಿಂತಿದ್ದೆ. ಪಂಚರ್‌ಗೆ ಕಳೆದ ಮುಕ್ಕಾಲು ಗಂಟೆ ಸೇರಿ. ನನ್ನ ವಯಸ್ಸಿಗೆ ಒಳ್ಳೇ ವೇಗ ಅಲ್ವಾ?

ಅಲ್ಲ. ಅದು ನನ್ನ ವೇಗವೇ ಅಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಮಳವಳ್ಳಿ ಸುಮಾರು 610. ನೀರು ಮೇಲಕ್ಕೆ ಹತ್ತುವುದಿಲ್ಲ. ಹೊಳೆ ಹೋದ ಕಡೆ ನಾವೂ ಹೋದರೆ ದಾರಿಯುದ್ದಕ್ಕೂ ಕಣ್ಣಿಗೆ ಕಾಣದ ಇಳಿಜಾರು. ಅದರ ಮೇಲೆ ಗಾಳಿ. ಆಷಾಢದಲ್ಲಿ ಎದ್ದ ಪಡುವಣ ಗಾಳಿ ಶ್ರಾವಣ ಮುಗಿದರೂ ನಿಲ್ಲುವುದಿಲ್ಲ, ಮೈಸೂರಿನಿಂದ ಹೊರಟವರ ಬೆನ್ನು ಹಿಡಿದು ತಳ್ಳುತ್ತದೆ. ಜಲಪಾತದಲ್ಲಿ ನೀರು ಇರುವುದೂ ಅದೇ ತಿಂಗಳುಗಳಲ್ಲಿ. ಹೋಗುವಾಗ ಇಳಿಜಾರು, ಬೆನ್ನಿಗೆ ಗಾಳಿ. ಬರುವಾಗ ಏರು, ಎದೆಗೆ ಗಾಳಿ. ಈ ಲೆಕ್ಕ ಹಾಕದೆ ‘75 ಬೆಳಿಗ್ಗೆ, 75 ಸಂಜೆ’ ಅಂತ ಹೊರಟರೆ ಸತ್ತಿರಿ.

ನನಗೆ ಇದು ಪುಸ್ತಕ ಓದಿ ಗೊತ್ತಾದ ವಿಷಯ ಅಲ್ಲ. ಎರಡು ವರ್ಷದ ಹಿಂದೆ ಒಂದೇ ದಿನದಲ್ಲಿ ಹೋಗಿಬರುವ ಹಟ ಹಿಡಿದಿದ್ದೆ. ಮಳವಳ್ಳಿ ಮೇಲೆ ವಾಪಸು ಬರುವಾಗ ಗಂಟೆಗೆ 10 ಕಿ.ಮೀ. ಸಹ ಆಗಲಿಲ್ಲ. ಬನ್ನೂರಿನ ಹತ್ತಿರ ಕಬ್ಬಿನ ಗದ್ದೆ ಬದುವಿನ ಮೇಲೆ ಕೂತವಳು ಏಳಲೇ ಇಲ್ಲ. ಕುರಿ ಹೊಡೆದುಕೊಂಡು ಬಂದ ಹುಡುಗನೊಬ್ಬ ‘ಅಜ್ಜಿ, ಸೈಕಲ್ ಕೆಟ್ಟೋಯ್ತಾ?’ ಎಂದು ಕೇಳಿದ. ಸೈಕಲ್ ಚೆನ್ನಾಗಿಯೇ ಇತ್ತು. ಮಗ ಕಾರು ತಂದು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟ.

ಈ ಸಲ ಜಲಪಾತ ನೋಡಿ ಸುಮಾರು 20 ಕಿ.ಮೀ. ಮಳವಳ್ಳಿಗೆ ಬಂದೆ, ತಮ್ಮನ ಮನೆಯಲ್ಲಿ ಮಲಗಿದೆ. ಮಾರನೇ ದಿನ ಗಾಳಿ ಏಳುವ ಮೊದಲೇ ಹೊರಟು ಬನ್ನೂರು ಮೇಲೆ ಮನೆಗೆ. ಒಂದೇ ದಿನದಲ್ಲಿ ಹೋಗಿಬಂದೆ ಅಂತ ನಾನು ಎಲ್ಲೂ ಬರೆದಿಲ್ಲ, ಹಳೇ ಸಂಚಿಕೆ ತೆಗೆದು ನೋಡಿ.

ನಿಮಗೆ ಮಂಡ್ಯದಿಂದ ಮಳವಳ್ಳಿ ಸುಮಾರು 35 ಕಿ.ಮೀ., ಅಲ್ಲಿಂದ ಜಲಪಾತ 20. ವಾಪಸು ಮಳವಳ್ಳಿವರೆಗೆ ಬಂದರೆ 75. ಅಲ್ಲಿಗೆ ನಿಲ್ಲಿಸಿ. ಮೂರು ಸೈಕಲ್ಲೂ ಒಂದು ಗೂಡ್ಸ್ ಆಟೊದಲ್ಲಿ ಹಿಡಿಯುತ್ತವೆ, ಬಾಡಿಗೆ ಹಂಚಿಕೊಳ್ಳಿ. ಹಾಗೆ ಬಂದರೆ ಮರ್ಯಾದೆ ಏನೂ ಹೋಗಲ್ಲ.

ಪ್ರಶ್ನೆ: ಮೈಸೂರಿನ ‘ಟ್ರಿಣ್ ಟ್ರಿಣ್’ ಸೈಕಲ್ ತೆಗೆದುಕೊಂಡು ಶಿವನಸಮುದ್ರಕ್ಕೆ ಹೋಗಬಹುದಾ? ಸ್ವಂತ ಸೈಕಲ್ ಇಲ್ಲ.
(ಕುವೆಂಪುನಗರ, ಮೈಸೂರು)

ಉತ್ತರ: ಬೇಡ. 2017ರಲ್ಲಿ ಅದು ಶುರುವಾದಾಗ ಮೊದಲ ವಾರವೇ ಕಾರ್ಡ್ ಮಾಡಿಸಿದವಳು ನಾನು, ಅಭಿಮಾನ ಇದೆ. ಆದರೆ ಅದು ಊರೊಳಗೆ ಒಂದು ನಿಲ್ದಾಣದಿಂದ ತೆಗೆದು ಇನ್ನೊಂದು ನಿಲ್ದಾಣದಲ್ಲಿ ಬಿಡುವ ಸೈಕಲ್. ಭಾರ ಜಾಸ್ತಿ. ಗೆಳೆಯರ ಹತ್ತಿರ ಒಂದು ದಿನಕ್ಕೆ ಕೇಳಿ. ಕೊಡದಿದ್ದರೆ ಅವರು ಗೆಳೆಯರಾ ಅಂತ ಯೋಚನೆ ಮಾಡಿ.

ಪ್ರಶ್ನೆ: ನಮ್ಮ ತಂದೆ ಕಾಲದ ಅಟ್ಲಾಸ್ ಸೈಕಲ್ ಇದೆ. ಗೇರ್ ಇಲ್ಲ. ಅದರಲ್ಲಿ ಆಗುತ್ತಾ?
(ರೈತರು, ಪಾಂಡವಪುರ)

ಉತ್ತರ: ಧಾರಾಳವಾಗಿ ಆಗುತ್ತದೆ ಸಾರ್. ಹಾಲಿನ ಕ್ಯಾನ್ ಎರಡು ಕಡೆ ನೇತುಹಾಕಿಕೊಂಡು ಇದೇ ರಸ್ತೆಯಲ್ಲಿ ದಿನಾ ಓಡಾಡಿದವರು ಇದ್ದಾರೆ, ಅವರ್‍ಯಾರೂ ಗೇರ್ ಕೇಳಲಿಲ್ಲ. ನೋಡಬೇಕಾದದ್ದು ಬ್ರೇಕ್. ಆ ಸೈಕಲ್ಲುಗಳಲ್ಲಿ ವೈರಿನ ಬದಲು ಕಂಬಿ ಇರುತ್ತದೆ. ಕಂಬಿಯ ಕೀಲುಗಳಿಗೆ ಒಂದು ಹನಿ ಎಣ್ಣೆ ಬಿಡಿ, ರಬ್ಬರ್ ಕಲ್ಲಾಗಿದ್ದರೆ ಬದಲಾಯಿಸಿ. ರಿಮ್ಮಿಗೆ ಮಾತ್ರ ಎಣ್ಣೆ ತಾಗಬಾರದು. ಮಳೆಯಲ್ಲಿ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯುವುದು ತಡ, ಹಾಗಾಗಿ ಇಳಿಜಾರಿಗೆ ಮೊದಲೇ ಒಂದೆರಡು ಸಲ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಿ. ನೋಡಿ, ಬ್ರೇಕ್ ಬಗ್ಗೆ ಬರೆಯಲು ಕೊನೆಗೂ ಒಂದು ಅವಕಾಶ ಸಿಕ್ಕಿತು.

ಪ್ರಶ್ನೆ: ದಾರಿಯಲ್ಲಿ ಪಂಚರ್ ಆದರೆ ಏನು ಮಾಡುವುದು? ಹಳ್ಳಿಗಳಲ್ಲಿ ಗೇರ್ ಸೈಕಲ್ ರಿಪೇರಿ ಮಾಡುವವರು ಸಿಗುತ್ತಾರಾ?
(ಬ್ಯಾಂಕ್ ನೌಕರ, ಮೈಸೂರು)

ಉತ್ತರ: ನಿಮ್ಮ ಪ್ರಶ್ನೆ ಗಾಯದ ಮೇಲೆ ಕೈ ಇಟ್ಟಂತಾಯಿತು. ಆ ದಿನ ಬೆಳಕವಾಡಿಗೆ ಇನ್ನೂ ಮೂರು ಕಿ.ಮೀ. ಇದ್ದಾಗ ಹಿಂದಿನ ಚಕ್ರ ಕೂತಿತು. ಜಾಲಿ ಮುಳ್ಳು. ಗದ್ದೆ ಬೇಲಿಗೆ ಕಡಿದು ಹಾಕಿದ ಮುಳ್ಳು ಟ್ರ್ಯಾಕ್ಟರಿಗೆ ಸಿಕ್ಕಿ ರಸ್ತೆಗೆ ಬಂದಿರುತ್ತದೆ. ನಾನು ಗಾಬರಿಯಾಗಲಿಲ್ಲ. ಬ್ಯಾಗಿನಲ್ಲಿ ಹೊಸ ಟ್ಯೂಬ್ ಇತ್ತು. ಹೊರಡುವ ಹಿಂದಿನ ದಿನ ಮೈಸೂರಿನ ಒಂದು ದೊಡ್ಡ ಅಂಗಡಿಯಲ್ಲಿ ಸೈಕಲ್ ತೋರಿಸಿಯೇ ತಂದದ್ದು. ಚಕ್ರ ಬಿಚ್ಚಿ, ಹಳೇ ಟ್ಯೂಬ್ ಕಿತ್ತು, ಹೊಸದನ್ನು ತೂರಿಸಲು ಹೋದರೆ ವಾಲ್ವ್ ರಿಮ್ಮಿನ ತೂತಿಗೆ ಇಳಿಯಲೇ ಇಲ್ಲ. ನನ್ನ ರಿಮ್ಮಿಗೆ ಬೇಕಾದದ್ದು ತೆಳ್ಳನೆ ವಾಲ್ವ್. ಅವರು ಕೊಟ್ಟಿದ್ದು ಬೈಕಿಗೆ ಇರುವಂಥ ದಪ್ಪ ವಾಲ್ವ್. ಡಬ್ಬಿ ತೆಗೆದು ನೋಡದೆ ಬ್ಯಾಗಿಗೆ ಹಾಕಿಕೊಂಡದ್ದು ನನ್ನದೂ ತಪ್ಪು. ನಾಚಿಕೆಯ ಮಾತು ಇನ್ನೊಂದಿದೆ. ಸೈಕಲ್ ಶಾಪ್ ಮಗಳು ಪ್ಯಾಚ್, ಸೊಲ್ಯೂಷನ್ ತಗೊಂಡು ಹೋಗಿರಲಿಲ್ಲ. ಹೊಸ ಟ್ಯೂಬ್ ಇದೆಯಲ್ಲ ಅನ್ನುವ ಧೈರ್ಯ.

ಬಿಸಿಲಲ್ಲಿ ತಳ್ಳಿಕೊಂಡು ಹೋದೆ. ರಸ್ತೆ ಪಕ್ಕ ಒಂದು ಪಂಚರ್ ಅಂಗಡಿ ಸಿಕ್ಕಿತು. ಬೈಕ್, ಟ್ರ್ಯಾಕ್ಟರ್ ಟೈರಿನ ಅಂಗಡಿ. ಅಲ್ಲಿದ್ದ ಯಜಮಾನರು ನನ್ನ ವಾಲ್ವ್ ತಿರುಗಿಸಿ ನೋಡಿ, ‘ಇದೇನವ್ವ, ಇಂಜೆಕ್ಷನ್ ಸೂಜಿ ಇದ್ದಂಗದೆ’ ಎಂದರು. ಕಂಪ್ರೆಸರ್ ಅದಕ್ಕೆ ಕೂರುವುದಿಲ್ಲ. ‘ಗಾಳಿ ನಾನು ಹೊಡ್ಕೋತೀನಿ, ನೀವು ಸಾಮಾನು ಕೊಡಿ’ ಎಂದೆ. ಪ್ಲಾಸ್ಟಿಕ್ ಬೇಸಿನ್ನಿಗೆ ನೀರು ಹಾಕಿಕೊಟ್ಟರು. ಟ್ಯೂಬ್ ಮುಳುಗಿಸಿದೆ, ಗುಳ್ಳೆ ಬಂತು. ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಎತ್ತಿಕೊಂಡೆ. ‘ಇನ್ನೂ ಒಣಗ್ಲಿ ಕಣವ್ವ, ಆತುರ ಯಾಕೆ’ ಎಂದರು. ಮೈ ಜುಮ್ಮೆಂದಿತು. ನಮ್ಮಪ್ಪ ಅಂಗಡಿ ಹುಡುಗರಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು. ಸೊಲ್ಯೂಷನ್ ಹಸಿ ಇರುವಾಗ ಪ್ಯಾಚ್ ಒತ್ತಿದರೆ ಎರಡು ಮೈಲಿಗೆ ಬಿಟ್ಟುಕೊಳ್ಳುತ್ತದೆ. ಬೆರಳು ಮುಟ್ಟಿದರೆ ಅಂಟಬೇಕು, ಒದ್ದೆ ಹತ್ತಬಾರದು. ಅಷ್ಟು ಹೊತ್ತು ಕಾಯಬೇಕು.

ಇನ್ನೊಂದು ವಿಷಯ. ಟ್ಯೂಬ್ ಒಳಗೆ ಹಾಕುವ ಮೊದಲು ಟೈರಿನ ಒಳಮೈಗೆ ಒಂದು ಹತ್ತಿ ಚೂರು ಉಜ್ಜಿಕೊಂಡು ಬನ್ನಿ. ಮುಳ್ಳಿನ ತುದಿ ಅಲ್ಲೇ ಇದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳು ಹಾಕಿ ಹುಡುಕಿದರೆ ಬೆರಳಿಗೇ ಮುಳ್ಳು. ನನ್ನ ಟೈರಿನಲ್ಲಿ ಎರಡು ಸಿಕ್ಕಿದವು. ಯಜಮಾನರು 20 ರೂಪಾಯಿ ಸಾಮಾನಿಗೆ ಮಾತ್ರ ತಗೊಂಡರು, ‘ಕೂಲಿ ನಿಂದೇ ಅಲ್ವಾ’ ಎಂದರು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಪಂಚರ್ ಹಾಕುವವರು ಎಲ್ಲ ದೊಡ್ಡ ಹಳ್ಳಿಯಲ್ಲೂ ಸಿಗುತ್ತಾರೆ. ಗೇರಿನ ಕೆಲಸ ಗೊತ್ತಿದ್ದವರು ಸಿಗುವುದು ಕಷ್ಟ. ಪ್ಯಾಚ್, ಸೊಲ್ಯೂಷನ್, ಟೈರ್ ಲಿವರ್, ಚಿಕ್ಕ ಪಂಪು ನಿಮ್ಮ ಹತ್ತಿರ ಇರಲಿ. ಹೊಸ ಟ್ಯೂಬನ್ನು ಮನೆಯಲ್ಲೇ ಒಂದು ಸಲ ರಿಮ್ಮಿಗೆ ತೂರಿಸಿ ನೋಡಿ.

ಪ್ರಶ್ನೆ: ಟೀಚರ್, ನಾನು ನಿಮ್ಮ ಹಳೇ ವಿದ್ಯಾರ್ಥಿನಿ. ಈಗ 46 ವರ್ಷ. ಒಬ್ಬಳೇ ಇಷ್ಟು ದೂರ ಹೋಗಬಹುದಾ? ಬಟ್ಟೆ, ಶೌಚಾಲಯ ಇತ್ಯಾದಿ ಹೇಗೆ?
(ಹೆಸರು ಬೇಡ, ಮೈಸೂರು)

ಉತ್ತರ: ಬೆಳಕು ಇರುವ ತನಕ, ಊರಿಂದ ಊರಿಗೆ ಹೋಗುವ ಈ ರಸ್ತೆಯಲ್ಲಿ ನನಗೆ ಒಂದು ಸಲವೂ ಭಯ ಆಗಿಲ್ಲ. ಕಿರಿಕಿರಿ ಆಗಿದೆ. ‘ಮನೇಲಿ ಯಾರೂ ಇಲ್ವಾ’ ಅಂತ ಎಲ್ಲ ಟೀ ಅಂಗಡಿಯಲ್ಲೂ ಕೇಳುತ್ತಾರೆ. ‘ಇದ್ದಾರೆ, ಅವರಿಗೆ ಸೈಕಲ್ ಬರಲ್ಲ’ ಅಂತ ಹೇಳು. ಚೂಡಿದಾರ್ ಸಾಕು, ಪ್ಯಾಂಟಿನ ಕಾಲಿಗೆ ಬಟ್ಟೆ ಕ್ಲಿಪ್ ಹಾಕಿಕೋ. ವೇಲು ಮನೆಯಲ್ಲೇ ಬಿಡು. ವೇಲು ಹಿಂದಿನ ಚಕ್ರಕ್ಕೆ ಸಿಕ್ಕಿ ಬಿದ್ದವರನ್ನು ನಾನು ನೋಡಿದ್ದೇನೆ. ಒಳಗೆ ದಪ್ಪ ಪ್ಯಾಡ್ ಇರುವ ಸೈಕಲ್ ಚಡ್ಡಿ ಹಾಕಿಕೊಂಡರೆ ಮಾರನೇ ದಿನ ಕೂರಲು ಆಗುತ್ತದೆ. ಶೌಚಕ್ಕೆ ಪೆಟ್ರೋಲ್ ಬಂಕ್, ಊರಿನ ಹೋಟೆಲ್. ಸಿಕ್ಕಿದ ಕಡೆ ಹೋಗಿಬಿಡು, ‘ಮುಂದೆ ನೋಡೋಣ’ ಬೇಡ. ಅದಕ್ಕೆ ಹೆದರಿ ನೀರು ಕುಡಿಯದೇ ಇರಬೇಡ. ನಮ್ಮ ಹೆಂಗಸರು ಮಾಡುವ ದೊಡ್ಡ ತಪ್ಪು ಅದೇ. ಮಧ್ಯಾಹ್ನಕ್ಕೆ ತಲೆ ಸುತ್ತು ಬರುತ್ತದೆ.

ಅಂದಹಾಗೆ ಯಾವ ಬ್ಯಾಚು? ಅದನ್ನಾದರೂ ಬರೆಯಬಾರದಿತ್ತಾ.

ಪ್ರಶ್ನೆ: ದಾರಿಯಲ್ಲಿ ಮುದ್ದೆ ಊಟ ಮಾಡಬಹುದಾ?
(ಕೆ.ಆರ್. ಪೇಟೆ)

ಉತ್ತರ: ಮಾಡಬಹುದು, ಆಮೇಲೆ ಮಲಗಲು ಮರದ ನೆರಳು ನೋಡಿಕೊಳ್ಳಿ. ತುಳಿಯುವ ದಿನ ನಾನು ಗಂಟೆಗೊಂದು ಬಾಳೆಹಣ್ಣು ಇಲ್ಲವೇ ಬೆಲ್ಲ-ಕಡಲೆಕಾಯಿ ತಿನ್ನುತ್ತೇನೆ. ಹಸಿವಾಗುವ ಮೊದಲೇ. ಜೊತೆಗೆ ಎಳನೀರು, ಉಪ್ಪು ಹಾಕಿದ ಮಜ್ಜಿಗೆ. ಮುದ್ದೆ-ಉಪ್ಪೆಸರು ಮಳವಳ್ಳಿ ಸೇರಿದ ಮೇಲೆ, ತಮ್ಮನ ಮನೆಯಲ್ಲಿ. ಎರಡು.

ಪ್ರಶ್ನೆ: ಏಪ್ರಿಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಗಗನಚುಕ್ಕಿಯಲ್ಲಿ ಬರೀ ಬಂಡೆ. ನೀರು ಎಲ್ಲಿ ಹೋಗುತ್ತದೆ?
(ಗೃಹಿಣಿ, ಮದ್ದೂರು)

ಉತ್ತರ: ಒಳ್ಳೇ ಪ್ರಶ್ನೆ, ಕ್ಲಾಸಿನಲ್ಲಾಗಿದ್ದರೆ ಚಪ್ಪಾಳೆ ಹೊಡೆಸುತ್ತಿದ್ದೆ. ಬೇಸಿಗೆಯಲ್ಲಿ ಹೊಳೆಯಲ್ಲಿ ನೀರೇ ಕಡಿಮೆ. ಇರುವುದರಲ್ಲೂ ಬಹುಪಾಲನ್ನು ಜಲಪಾತಕ್ಕೆ ಮುಂಚೆಯೇ ಕಾಲುವೆಗೆ ತಿರುಗಿಸುತ್ತಾರೆ. ಅದು ದೊಡ್ಡ ಪೈಪುಗಳಲ್ಲಿ ಇಳಿದು ಕಣಿವೆಯ ತಳದಲ್ಲಿರುವ ವಿದ್ಯುತ್ ಕೇಂದ್ರದ ಚಕ್ರ ತಿರುಗಿಸುತ್ತದೆ. ಅಂದರೆ ನೀರು ಬೀಳುತ್ತಲೇ ಇದೆ, ಪೈಪಿನೊಳಗೆ ಬೀಳುತ್ತಿದೆ. 1902ರಲ್ಲಿ ಶುರುವಾದ ಕೇಂದ್ರ ಅದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ಮೊದಲ ಕರೆಂಟ್ ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ನಮ್ಮ ಕಡೆಯವರು ಆ ಜಾಗಕ್ಕೆ ‘ಬ್ಲಫ್’ ಎನ್ನುತ್ತಾರೆ. ಅಲ್ಲಿನ ಕ್ವಾರ್ಟರ್ಸ್‌ಗೆ ನಮ್ಮಪ್ಪ ವಾರಕ್ಕೊಂದು ಸಲ ಹೋಗಿ ಸೈಕಲ್ ರಿಪೇರಿ ಮಾಡಿ ಬರುತ್ತಿದ್ದರು. ಅವರ ಹಿಂದೆ ಕ್ಯಾರಿಯರ್ ಮೇಲೆ ಕೂತು ಹೋಗಿದ್ದೇ ನನ್ನ ಮೊದಲ ಗಗನಚುಕ್ಕಿ ಪ್ರವಾಸ.

ಜುಲೈನಿಂದ ಅಕ್ಟೋಬರ್ ನಡುವೆ ಹೋಗಿ. ಕನ್ನಂಬಾಡಿ, ಕಬಿನಿಯಿಂದ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ಹೊರಟರೆ ಮೋಸವಿಲ್ಲ. ಭಾನುವಾರ ಬೇಡ, ಜಲಪಾತೋತ್ಸವದ ದಿನವಂತೂ ಸೈಕಲ್ ನಿಲ್ಲಿಸಲು ಜಾಗ ಸಿಗುವುದಿಲ್ಲ.

ಪ್ರಶ್ನೆ: ಅಲ್ಲಿಂದ ಮುಂದಕ್ಕೆ ಮುತ್ತತ್ತಿ ಕಡೆ ಸೈಕಲ್‌ನಲ್ಲಿ ಹೋದರೆ ಕಣಿವೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಕೇಳಿದ್ದೇನೆ.
(ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು)

ಉತ್ತರ: ಚೆನ್ನಾಗಿ ಕಾಣುತ್ತದೆ. ಆನೆಯೂ ಚೆನ್ನಾಗಿ ಕಾಣುತ್ತದೆ. ಅದು ಕಾವೇರಿ ವನ್ಯಜೀವಿ ಧಾಮ. ಏರಿನಲ್ಲಿ ಗಂಟೆಗೆ 8 ಕಿ.ಮೀ. ಹೋಗುವ ನಾವು ಆನೆಯಿಂದ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಬಸ್ಸಿನಲ್ಲೋ ಕಾರಿನಲ್ಲೋ ಹೋಗಿ, ಮುತ್ತೆತ್ತರಾಯನಿಗೆ ಕೈಮುಗಿದು ಬನ್ನಿ. ಸೀತಮ್ಮನ ಮೂಗುತಿ ಹೊಳೆಗೆ ಬಿದ್ದಾಗ ಬಾಲ ಬಿಟ್ಟು ಹುಡುಕಿಕೊಟ್ಟ ಆಂಜನೇಯ ಅಂತ ಕಥೆ. ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ಮಡುವಿನ ಕೆಳಗೆ ಸುಳಿ ಇರುತ್ತದೆ, ಈಜು ಬಂದವರೂ ಅಲ್ಲಿ ಹೋಗಿದ್ದಾರೆ. ಈ ಒಂದು ವಿಷಯದಲ್ಲಿ ನಾನು ಈಗಲೂ ಟೀಚರ್ರೇ, ಬೆತ್ತ ಇದೆ ಅಂತ ತಿಳಿದುಕೊಳ್ಳಿ.

ಪ್ರಶ್ನೆ: ಸಮಯ ಒಂದಕ್ಕೇ ಇದ್ದರೆ ಗಗನಚುಕ್ಕಿಯೋ ಭರಚುಕ್ಕಿಯೋ?
(ಶಿಕ್ಷಕ, ನಾಗಮಂಗಲ)

ಉತ್ತರ: ಸೈಕಲ್ಲಿನವರಿಗೆ ಗಗನಚುಕ್ಕಿ. ಮಳವಳ್ಳಿ ಕಡೆಯಿಂದ ನೇರ ಹೋಗಿ ನಿಲ್ಲಬಹುದು. ಭರಚುಕ್ಕಿಗೆ ಹೈವೇಗೆ ವಾಪಸು ಬಂದು, ಹೊಳೆ ದಾಟಿ, ಸತ್ತೇಗಾಲದ ಕಡೆಯಿಂದ ಮತ್ತೆ ದ್ವೀಪಕ್ಕೆ ಹೋಗಬೇಕು. ಇನ್ನೂ 12ರಿಂದ 15 ಕಿ.ಮೀ. ಆದರೆ ನನ್ನ ಮನಸ್ಸು ಕೇಳಿದರೆ ಭರಚುಕ್ಕಿ. ಅಗಲಕ್ಕೆ, ಹತ್ತಾರು ಎಳೆಯಾಗಿ ಬೀಳುತ್ತದೆ. ದಾರಿಯಲ್ಲಿ 1830ರ ಆಸುಪಾಸಿನಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಕಲ್ಲುಕಂಬದ ಹಳೇ ಸೇತುವೆ ಇದೆ. ಈಚಿನ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು, ಪಕ್ಕದ ಹೊಸ ಸೇತುವೆ ಮೇಲೆ ನಿಂತು ನೋಡಿ. ಮಧ್ಯರಂಗನ ಗುಡಿಯೂ ಅಲ್ಲೇ. ಭರಚುಕ್ಕಿಯಲ್ಲಿ ಕೆಳಗಿಳಿಯಲು ಮೆಟ್ಟಿಲುಗಳಿವೆ, ನೀರು ಜಾಸ್ತಿ ಇದ್ದಾಗ ಬಿಡುವುದಿಲ್ಲ.

ಸೈಕಲ್ ನೋಡಿಕೊಳ್ಳಲು ಅಲ್ಲಿ ಜೋಳ ಸುಡುವ ಅಮ್ಮ ಇದ್ದಾರೆ. ಎರಡು ತೆನೆ ತಗೊಂಡರೆ ಸಂತೋಷವಾಗಿ ನೋಡಿಕೊಳ್ಳುತ್ತಾರೆ. ನಾನು ಒಂದೇ ತಗೊಂಡಿದ್ದೆ. ನೋಡಿಕೊಂಡರು, ಆದರೆ ವಾಪಸು ಬಂದಾಗ ಸೈಕಲ್ ಬಿಸಿಲಿನಲ್ಲಿತ್ತು.